ಹೊರಡಲು ಬಿಡದ ಮೂರು ಸಂಗತಿಗಳು

ಸುರತ್ಕಲ್ ಕಡೆಯ ಓದುಗರೊಬ್ಬರ ಪತ್ರ, ಹೆಸರು ಹಾಕಬೇಡಿ ಎಂದಿದ್ದಾರೆ. ಹಗಲು ಮಕ್ಕಳಿಗೆ ಡ್ಯಾನ್ಸ್ ಕ್ಲಾಸ್, ಶನಿವಾರ ರಾತ್ರಿ ಮಂಗಳೂರಿನ ಕ್ಲಬ್ಬೊಂದರಲ್ಲಿ ಶೋ. ಅಲ್ಲಿ ಬಾಗಿಲಿನ ಬೌನ್ಸರ್‌ನಿಂದ ಹಿಡಿದು ಎಲ್ಲರೂ ಗುರುತಿನವರು. ಈಗ ಕೋಆರ್ಡಿನೇಟರ್ ಒಬ್ಬರು ಮಣಿಪಾಲ, ಮಲ್ಪೆ, ಗೋವಾ ಅಂತ ಕರೆಯುತ್ತಿದ್ದಾರೆ. "ಪೇಮೆಂಟ್ ಜಾಸ್ತಿ, ಜಾಗ ಮಾತ್ರ ಗೊತ್ತಿಲ್ಲ. ಅಮ್ಮ ಬೇಡವೇ ಬೇಡ ಎನ್ನುತ್ತಾರೆ. ಹೋಗಬಹುದೇ? ಸ್ಟೇಜಿಗೆ ನೋಟು ಎಸೆಯುವವರನ್ನು ಏನು ಮಾಡಲಿ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಹೋಗಬಹುದು. ಬಟ್ಟೆ ಹೇಗಿರಬೇಕು ಎಂದು ನಾನು ಹೇಳುವುದಿಲ್ಲ; ಅದನ್ನು ಹೇಳಲು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ನೋಡುವುದು ಒಂದನ್ನೇ: ಬೇಡ ಅನಿಸಿದ ಗಳಿಗೆಯಲ್ಲಿ ನಿಮಗೆ ಎದ್ದು ಹೊರಡಲು ಆಗುತ್ತದೆಯೇ?

"ಮೇಲಿನ ರೂಮಿನಲ್ಲಿ ಸ್ಪಾನ್ಸರ್ ಇದ್ದಾರೆ, ಒಂದು ಹಾಯ್ ಹೇಳಿ ಬನ್ನಿ" ಎಂದಾಗ ಎಷ್ಟೋ ಹುಡುಗಿಯರು ಮನಸ್ಸಿಲ್ಲದಿದ್ದರೂ ಯಾಕೆ ನಿಲ್ಲುತ್ತಾರೆ? ಬ್ಯಾಲೆನ್ಸ್ ಹಣ ಇನ್ನೂ ಬಂದಿಲ್ಲ. ಬ್ಯಾಗು ಮ್ಯಾನೇಜರನ ಕೋಣೆಯಲ್ಲಿ, ಬೀಗದ ಕೀ ಅವನ ಜೇಬಿನಲ್ಲಿ. ವಾಪಸ್ ಬಿಡುವ ಗಾಡಿಯೂ ಅವನದೇ. ರಾತ್ರಿ ಒಂದು ಗಂಟೆಗೆ ಮಲ್ಪೆಯಿಂದ ಸುರತ್ಕಲ್ಲಿಗೆ ಯಾವ ಬಸ್ಸು ಸಿಗುತ್ತದೆ ಮಾರಾಯ್ರೆ?

ಹಾಗಾಗಿ ಡೇಟ್ ಕೊಡುವಾಗಲೇ ಅರ್ಧ ಅಡ್ವಾನ್ಸ್, ಉಳಿದದ್ದು ಸ್ಟೇಜ್ ಹತ್ತುವ ಮೊದಲು ಯುಪಿಐಗೆ. "ಶೋ ಮುಗಿದ ಮೇಲೆ ನೋಡುವ" ಎನ್ನುವವರ ಕೆಲಸ ಬೇಡ. ಗಾಡಿ ನಿಮ್ಮ ಗುರುತಿನ ಡ್ರೈವರ್‌ನದ್ದಾಗಲಿ, ಬಾಡಿಗೆಯನ್ನು ರೇಟಿನಲ್ಲೇ ಸೇರಿಸಿ. ಕಾಸ್ಟ್ಯೂಮಿಗೆ ಜೇಬಿರುವುದಿಲ್ಲ, ಕುಣಿಯುವ ಹೊತ್ತಿನಲ್ಲಿ ಫೋನು, ಬ್ಯಾಗು, ಮುಚ್ಚಳ ತೆರೆಯದ ನೀರಿನ ಬಾಟಲಿ ನೋಡಿಕೊಳ್ಳಲು ಜೊತೆಗೊಬ್ಬರು ಬೇಕೇ ಬೇಕು. ಕೋಆರ್ಡಿನೇಟರ್ ಫೋನಿನಲ್ಲಿ "ಎಲ್ಲ ಉಂಟು, ನೀವು ಬನ್ನಿ" ಎಂದರೆ ಹೂಂ ಎನ್ನಿ; ಫೋನಿಟ್ಟ ಕೂಡಲೇ ಎಷ್ಟು ಹೊತ್ತು, ಎಷ್ಟು ಹಾಡು, ಗೆಸ್ಟ್‌ಗಳ ಟೇಬಲ್ಲಿಗೆ ಹೋಗುವುದಿಲ್ಲ ಎಂಬುದನ್ನೆಲ್ಲ ವಾಟ್ಸಾಪಿನಲ್ಲಿ ಬರೆದು ಕಳಿಸಿ.

ಬಟ್ಟೆ ಬದಲಿಸುವ ಕೋಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹೆಸರಿಗೆ ಗ್ರೀನ್ ರೂಮ್, ಒಳಗೆ ಹೋದರೆ ಬಿಯರ್ ಕ್ರೇಟುಗಳ ನಡುವೆ ಒಂದು ಕನ್ನಡಿ, ಚಿಲಕ ಕಿತ್ತುಹೋದ ಬಾಗಿಲು. ಬಾಗಿಲ ಸಂದಿಗೆ ಒತ್ತುವ ರಬ್ಬರ್ ಬೆಣೆಯೊಂದು ಬ್ಯಾಗಿನಲ್ಲಿರಲಿ. ಲೈಟು ಆರಿಸಿ ಗೋಡೆ ಗಡಿಯಾರ, ಚಾರ್ಜರ್, ಸ್ಮೋಕ್ ಡಿಟೆಕ್ಟರ್ ಕಡೆಗೆ ಟಾರ್ಚ್ ಹಿಡಿದರೆ ಕ್ಯಾಮೆರಾದ ಲೆನ್ಸ್ ಮಿನುಗುವುದುಂಟು. ಸಿಕ್ಕಿದರೆ ಕೀಳಬೇಡಿ, ಇದ್ದ ಹಾಗೇ ಫೋಟೋ ತೆಗೆದು 112ಕ್ಕೆ ಕರೆ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಹೀಗೆ ಕದ್ದು ಚಿತ್ರ ತೆಗೆದವರಿಗೆ ಮೊದಲ ಸಲಕ್ಕೇ ಕನಿಷ್ಠ 1 ವರ್ಷ ಜೈಲು. ಇನ್ನೂ ಸುಲಭದ್ದೆಂದರೆ, ಕಾಸ್ಟ್ಯೂಮ್ ಮನೆಯಲ್ಲೇ ಹಾಕಿ ಮೇಲೊಂದು ದೊಗಲೆ ಕುರ್ತಾ ತೊಟ್ಟು ಹೊರಡುವುದು.

ಸೌಂಡ್ ಚೆಕ್ ಹೊತ್ತಿಗೇ ತಲುಪಿ. ನೆಲದ ಮೇಲಿನ ವಯರು, ಮಳೆಗಾಲವಾದರೆ ಒದ್ದೆ ಮೆಟ್ಟಿಲು, ಮುಖ್ಯವಾಗಿ ಹಿಂದಿನ ಬಾಗಿಲು ನೋಡಿಡಿ. ಈ ಬಾಗಿಲಿನ ಮಾತು ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2009ರ ಜನವರಿ 24ರಂದು ಗುಂಪೊಂದು ಬಲ್ಮಠ ರಸ್ತೆಯ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆಯಿತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೂ ಹೀಗೆಯೇ ನುಗ್ಗಿ ಹೊಡೆದರು. ಎರಡೂ ಕಡೆ ಗಲಾಟೆ ಬಂದದ್ದು ಹೊರಗಿನಿಂದ. ಕಾರ್ಯಕ್ರಮಕ್ಕೆ ಪೊಲೀಸ್ ಅನುಮತಿ ಇದೆಯೇ ಎಂದು ಮೊದಲೇ ಕೇಳಿ, ಪ್ರತಿ ತರಿಸಿಕೊಳ್ಳಿ. ರೈಡ್ ಆದರೂ ಹೆದರಬೇಡಿ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಸುಮ್ಮನೆ ಬಂಧಿಸುವಂತಿಲ್ಲ. ವಿಶೇಷ ಸಂದರ್ಭ, ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಬೇಕು.

"ಒಂದು ರಾತ್ರಿಯ ಕೆಲಸಕ್ಕೆ ಎಂಥ ಕಾನೂನು" ಎಂದು ನಿಮಗೆ ಹೇಳುವವರಿದ್ದಾರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದಿನಗೂಲಿ, ತಾತ್ಕಾಲಿಕ ಕೆಲಸದವರಿಗೂ ಅನ್ವಯ. ಕೆಲಸ ಕೊಟ್ಟವರು ಒದಗಿಸಿದ ಗಾಡಿಯೂ ಅದರ ಪ್ರಕಾರ ಕೆಲಸದ ಜಾಗವೇ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ, ಈ ಕಾಯ್ದೆಯಡಿ ದೂರು ಕೇಳುವ ಜಿಲ್ಲೆಯ ಸ್ಥಳೀಯ ಸಮಿತಿಗೆ ಘಟನೆಯಾದ 3 ತಿಂಗಳೊಳಗೆ ಬರೆದುಕೊಡಿ.

ಗೋವಾಕ್ಕೆ ಈಗಲೇ ಹೂಂ ಎನ್ನಬೇಡಿ. ಈ ಕೋಆರ್ಡಿನೇಟರ್ ಜೊತೆ ಹೋಗಿಬಂದ ಒಂದಿಬ್ಬರು ಡ್ಯಾನ್ಸರ್‌ಗಳ ನಂಬರು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ವಿಷಯ ಅಲ್ಲಿಗೇ ಮುಗಿಯಿತು. ಆಧಾರ್‌ನ ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಮೇಲೆ ಯಾವ ಶೋಗೆ, ಯಾವ ದಿನಕ್ಕೆ ಎಂದು ಅಡ್ಡ ಬರೆದು ಕೊಡಿ.

ಅಮ್ಮನಿಗೆ ಸುಳ್ಳು ಹೇಳಿ ಹೋಗಬೇಡಿ ಎಂದರೆ ಹಳೇ ಕಾಲದ ಮಾತಾಯಿತೇನೋ. ಆದರೆ ರಾತ್ರಿ ನಿಮ್ಮ ಫೋನು ಬರದಿದ್ದರೆ ಮೊದಲು ಎಚ್ಚರಾಗುವುದು ಅವರೇ. ಜಾಗದ ಹೆಸರು, ಗಾಡಿ ನಂಬರು, ಜೊತೆಗಿರುವವರ ಫೋನ್ ನಂಬರು ಅವರ ಬಳಿ ಇರಲಿ. ಮೊದಲ ಸಲ ಮಣಿಪಾಲಕ್ಕೆ ಅವರನ್ನೇ ಜೊತೆಗೆ ಕರೆದುಕೊಂಡು ಹೋದರೂ ಆಗಬಹುದು. ಬ್ಯಾಗು ಕಾಯಲು ಅವರಷ್ಟು ಗಟ್ಟಿ ಜನ ಸಿಗಲಿಕ್ಕಿಲ್ಲ.

ಇನ್ನು ನೋಟು. ಮಹಾರಾಷ್ಟ್ರದ ಡ್ಯಾನ್ಸ್ ಬಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಟಿಪ್ಸ್ ಕೊಡಬಹುದು, ನೋಟು ಎರಚುವಂತಿಲ್ಲ ಎಂದಿತು. ಅದು ಆ ರಾಜ್ಯದ ಕಾನೂನಿನ ಮೇಲಿನ ತೀರ್ಪಾದರೂ ನಿಮ್ಮ ವಾಟ್ಸಾಪ್ ಕರಾರಿಗೆ ಒಂದು ಸಾಲು ಸೇರಿಸಲು ಅಡ್ಡಿಯಿಲ್ಲ: ನೋಟು ಬಿದ್ದರೆ ಹಾಡು ನಿಲ್ಲುತ್ತದೆ, ಮೈಕಿನಲ್ಲಿ ಹೇಳುವುದು ಎಂಸಿಯ, ಅಂದರೆ ನಿರೂಪಕರ ಕೆಲಸ. ಬಿದ್ದ ನೋಟನ್ನು ನೀವು ಬಗ್ಗಿ ಹೆಕ್ಕಬೇಡಿ, ಕ್ಲಬ್ಬಿನವರೇ ಹೆಕ್ಕಿ ಲೆಕ್ಕ ಕೊಡಲಿ.