ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ತಿಕದ ಹಿತ್ತಲು, ಮಾತು ಬಿಟ್ಟ ಹಕ್ಕಿಗಳು

ಪ್ರಶ್ನೆ: ನಾನು ಈ ವರ್ಷವಷ್ಟೇ ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು. ಮನೆಯ ಹಿಂದೆ ಬೇವು, ನುಗ್ಗೆ, ಕರಿಬೇವು, ದಾಸವಾಳಗಳಿರುವ ಹಿತ್ತಲಿದೆ. ಬೇಸಿಗೆಯಲ್ಲಿ ನಸುಕಿಗೇ ನನ್ನನ್ನು ಎಬ್ಬಿಸುತ್ತಿದ್ದ ಮಡಿವಾಳ ಹಕ್ಕಿ ದೀಪಾವಳಿಯ ಹೊತ್ತಿಗೆ ಮೌನವಾಗಿಬಿಟ್ಟಿದೆ. ನುಗ್ಗೆ ಹೂವಿಗೆ ಬರುತ್ತಿದ್ದ ಕಡುನೀಲಿ ಸೂರಕ್ಕಿಯಂತೂ ಕಾಣುವುದೇ ಇಲ್ಲ. ಇವೆಲ್ಲ ಊರು ಬಿಟ್ಟು ಹೋದವೇ? ಈ ದಿನಗಳಲ್ಲಿ ಹಿತ್ತಲಿನಲ್ಲಿ ಕುಳಿತು ನೋಡುವಂಥದ್ದು ಏನಾದರೂ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ಅವೆರಡೂ ಬಹುತೇಕ ನಿಮ್ಮ ಹಿತ್ತಲಿನ ಆಸುಪಾಸಿನಲ್ಲಿಯೇ ಇವೆ. ಗಂಡು ಮಡಿವಾಳ ಹಕ್ಕಿ ಹಾಡುವುದು ಮುಖ್ಯವಾಗಿ ಎರಡು ಕಾರಣಗಳಿಗೆ: ಹೆಣ್ಣನ್ನು ಒಲಿಸಿಕೊಳ್ಳಲು ಮತ್ತು ತನ್ನ ಎಲ್ಲೆಯೊಳಗೆ ಬೇರೆ ಗಂಡು ಕಾಲಿಡದಂತೆ ಎಚ್ಚರಿಸಲು. ಗೂಡು ಕಟ್ಟಿ ಮರಿ ಮಾಡುವ ಕಾಲ ಮುಗಿದು ಹಗಲು ಮೊಟಕಾಗುತ್ತ ಬಂದಂತೆ ಹಾಡನ್ನು ಪ್ರಚೋದಿಸುವ ಹಾರ್ಮೋನುಗಳು ಅದರ ದೇಹದಲ್ಲಿ ಇಳಿದುಹೋಗುತ್ತವೆ. ಆಮೇಲೆ ಉಳಿಯುವುದು ಬೆಕ್ಕನ್ನೋ ಮುಂಗುಸಿಯನ್ನೋ ಕಂಡಾಗ ಹೊರಡುವ ‘ಚರ್ರ್’ ಎಂಬ ಒರಟು ದನಿ ಮಾತ್ರ. ಬೆಳಗಿನ ಮಬ್ಬಿನಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನೋಡಿ. ಬಾಲವನ್ನು ಮೇಲೆತ್ತಿ ಇಳಿಸುತ್ತ ನೆಲದ ಮೇಲೆ ಹುಳ ಹುಡುಕುತ್ತಿರುವ ಕಪ್ಪು ಬಿಳುಪಿನ ಹಕ್ಕಿ ಕಂಡರೆ ಅದು ನಿಮ್ಮನ್ನು ಎಬ್ಬಿಸುತ್ತಿದ್ದ ಗಾಯಕನೇ ಆಗಿರುವ ಸಾಧ್ಯತೆ ಹೆಚ್ಚು.

ಸೂರಕ್ಕಿಯ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಕಳೆದ ಮೇಲೆ ತನ್ನ ಹೊಳೆಯುವ ಗರಿಗಳನ್ನು ಉದುರಿಸಿ, ಹೆಣ್ಣಿನ ಹಾಗೆಯೇ ಮೇಲ್ಭಾಗ ಮಾಸಲು ಕಂದು, ಕೆಳಭಾಗ ತಿಳಿಹಳದಿ ಇರುವ ಉಡುಪಿಗೆ ಬರುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಇಳಿದಿರುವ ಒಂದು ಕಪ್ಪು ಗೆರೆ ಮಾತ್ರ ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸಾಮಾನ್ಯವಾಗಿ ಈ ವೇಷವಿರುತ್ತದೆ. ನಿಮ್ಮ ದಾಸವಾಳದ ಬಳಿ ಅದು ಸಿಗಬಹುದು. ಹೂವಿನ ಬಾಯಿಯೊಳಗೆ ಕೊಕ್ಕು ತೂರಿಸುವ ಗೋಜಿಗೆ ಹೋಗದೆ ಬುಡದಲ್ಲಿಯೇ ಸಣ್ಣ ತೂತು ಮಾಡಿ ಮಕರಂದವನ್ನು ಹೀರುವ ಕಳ್ಳಬುದ್ಧಿ ಅದಕ್ಕಿದೆ. ದಿನವೂ ಒಂದೇ ಗಂಡನ್ನು ಗಮನಿಸುತ್ತ ಹೋದರೆ ಸಂಕ್ರಾಂತಿಯ ಹೊತ್ತಿಗೆ ಮೈಮೇಲೆ ಅಲ್ಲಲ್ಲಿ ನೀಲಿ ತೇಪೆಗಳು ಮೂಡುವುದನ್ನೂ, ಆ ತೇಪೆಗಳು ಒಂದಕ್ಕೊಂದು ಕೂಡಿಕೊಳ್ಳುವುದನ್ನೂ ಕಾಣಬಹುದು. ಕಛೇರಿಗೆ ಹೋಗುವವರಿಗೆ ಈ ಸುಖ ದಕ್ಕುವುದು ಕಷ್ಟ. ಗುಬ್ಬಚ್ಚಿಯೂ ಇಂಥದೇ ಬದಲಾವಣೆಯನ್ನು ಸದ್ದಿಲ್ಲದೆ ಮಾಡಿಕೊಳ್ಳುತ್ತದೆ: ಮರಿ ಮಾಡುವ ಕಾಲದಲ್ಲಿ ಕಪ್ಪಗಿರುವ ಗಂಡಿನ ಕೊಕ್ಕು ಉಳಿದ ಕಾಲದಲ್ಲಿ ಕಂದಾಗಿರುತ್ತದೆ.

ಇನ್ನು ಈ ದಿನಗಳಿಗೆಂದೇ ಬಂದಿರುವ ಅತಿಥಿಗಳಿದ್ದಾರೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಉದ್ದ ಬಾಲವನ್ನು ಬಿಡದೆ ಕುಣಿಸುತ್ತ ಓಡಾಡುವ, ಬೂದು ಬೆನ್ನು ಮತ್ತು ಬಾಲದ ಬುಡದಲ್ಲಿ ಹಳದಿ ಇರುವ ಸಣ್ಣ ಹಕ್ಕಿ ಕಂಡರೆ ಅದು ಬೂದು ಸಿಪಿಲೆ; ನಮ್ಮ ಕಡೆ ಹಲವರು ಸಿಪಿಲೆಗಳನ್ನೆಲ್ಲ ಕುಂಡೆಕುಸ್ಕ ಎಂದೇ ಕರೆಯುತ್ತಾರೆ. ಹಿಮಾಲಯದಲ್ಲಿ ಹಾಗೂ ಅದರಾಚೆಯ ಉತ್ತರ ಏಷ್ಯಾದಲ್ಲಿ ಮರಿ ಮಾಡಿಕೊಂಡು ಇಲ್ಲಿಗೆ ಬರುವ ಈ ಹಕ್ಕಿ ತನ್ನ ಚಳಿಗಾಲದ ಜಾಗವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರು ಮುಂಬಯಿಯ ತಮ್ಮ ಮನೆಯ ಹುಲ್ಲುಹಾಸಿಗೆ ಬರುತ್ತಿದ್ದ ಒಂದು ಸಿಪಿಲೆಯ ಕಾಲಿಗೆ ಬಳೆ ತೊಡಿಸಿದಾಗ, ಅದೇ ಹಕ್ಕಿ ಮರುವರ್ಷವೂ ಅದೇ ಹುಲ್ಲುಹಾಸಿಗೆ ಮರಳಿತ್ತು. ಹೀಗಾಗಿ ನಿಮ್ಮ ಹಿತ್ತಲಿಗೆ ಬಂದ ದಿನಾಂಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಬರುವ ವರ್ಷ ಹೋಲಿಸಿ ನೋಡಲು ಒದಗುತ್ತದೆ.

ಎರಡನೆಯ ಅತಿಥಿಯನ್ನು ನೀವು ನೋಡುವುದಕ್ಕಿಂತ ಮೊದಲು ಕೇಳುತ್ತೀರಿ. ಕರಿಬೇವಿನ ಅಥವಾ ಬೇಲಿಯ ಪೊದೆಯೊಳಗಿನಿಂದ ‘ಚಕ್, ಚಕ್’ ಎಂದು ಚಪ್ಪರಿಸಿದಂಥ ಸದ್ದು ತಡೆತಡೆದು ಬರುತ್ತಿದ್ದರೆ ಅದು ಪೂರ್ವ ಯುರೋಪು ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದ ಉಲಿಯಕ್ಕಿ ಇರಬೇಕು. ಮಾಸಲು ಕಂದು ಬಣ್ಣದ ಈ ಹಕ್ಕಿಯ ಚೆಲುವನ್ನು ಹೊಗಳಲು ಹೆಚ್ಚೇನೂ ಇಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಅಷ್ಟು ದೂರದಿಂದ ಬಂದು ನಿಮ್ಮ ಒಗ್ಗರಣೆ ಸೊಪ್ಪಿನ ಗಿಡದಲ್ಲಿ ವಾಸ್ತವ್ಯ ಹೂಡಿದೆಯೆಂದರೆ ಅದಕ್ಕೊಂದು ಮರ್ಯಾದೆ ಸಲ್ಲಲೇಬೇಕು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಹೊರಗೆ ಸೆಳೆಯುವ ಚಪಲವನ್ನು ದಯವಿಟ್ಟು ಬಿಡಿ. ಪ್ರತಿಸ್ಪರ್ಧಿ ಬಂದನೆಂದು ಭ್ರಮಿಸಿ ಹಕ್ಕಿ ವೃಥಾ ದಣಿಯುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತಿಯಾದಾಗಿನಿಂದ ಎಳೆಬಿಸಿಲಿಗೆ ಕುರ್ಚಿ ಹಾಕಿಕೊಂಡು ಹಕ್ಕಿ ನೋಡುತ್ತ ಹಿತ್ತಲಿನಲ್ಲಿಯೇ ಕೂರುತ್ತಾರೆ. ತಿಂಡಿಗೆ ಕರೆದರೂ ಏಳುವುದಿಲ್ಲ. ಇದಕ್ಕೇನು ಮದ್ದು?
— ಓದುಗರು, ಹರಿಹರ

ಉತ್ತರ: ಚಳಿಯ ಬೆಳಗಿನಲ್ಲಿ ಬಿಸಿಲು ತಾಗಿದ ಮೇಲೆಯೇ ಹುಳುಗಳು ಚುರುಕಾಗುವುದರಿಂದ ಹಕ್ಕಿಗಳ ಓಡಾಟವೂ ತಿಂಡಿಯ ಹೊತ್ತಿಗೇ ಹೆಚ್ಚುತ್ತದೆ, ತಾಯಿ. ತಪ್ಪು ಪೂರ್ತಿಯಾಗಿ ಅವರದಲ್ಲ. ಇದು ಅವರೆಕಾಯಿಯ ಕಾಲ. ಒಂದು ಮೊರದ ತುಂಬ ಅವರೆಕಾಯಿಯನ್ನು ಅವರ ತೊಡೆಯ ಮೇಲಿಡಿ. ಕಾಯಿ ಸುಲಿಯಲು ಬೆರಳುಗಳು ಸಾಕಾಗುತ್ತವೆ, ಕಣ್ಣು ಬೇಕಿಲ್ಲ. ತಿಂಡಿಯ ತಟ್ಟೆಯನ್ನೂ ಅಲ್ಲಿಗೇ ಕಳಿಸುವುದು ನಿಮ್ಮ ಔದಾರ್ಯಕ್ಕೆ ಬಿಟ್ಟದ್ದು.

ಪ್ರಶ್ನೆ: ಹಕ್ಕಿಗಳಿಗೆಂದು ಮಹಡಿಯ ಮೇಲೆ ದಿನವೂ ಮಂಡಕ್ಕಿ ಹಾಕುತ್ತೇವೆ. ಬರುವುದು ಕಾಗೆ ಮತ್ತು ಪಾರಿವಾಳ ಮಾತ್ರ. ಬೇರೆ ಏನು ಹಾಕಿದರೆ ಸಣ್ಣ ಹಕ್ಕಿಗಳು ಬಂದಾವು? ನೀರಿಟ್ಟರೆ ಸೊಳ್ಳೆಯಾಗುತ್ತದೆಂದು ಮಗಳು ಬೇಡವೆನ್ನುತ್ತಾಳೆ.
— ಓದುಗರು, ದಾವಣಗೆರೆ

ಉತ್ತರ: ಮಂಡಕ್ಕಿ ಭಟ್ಟಿಗಳ ಊರಿನವರಿಗೆ ಹೀಗೆ ಹೇಳಲು ಸಂಕೋಚವಾಗುತ್ತದೆ, ಆದರೆ ಮಂಡಕ್ಕಿಯನ್ನು ನಿಲ್ಲಿಸಿ. ಹುರಿಯುವ ಮೊದಲು ಅಕ್ಕಿಗೆ ಉಪ್ಪು ಹಚ್ಚುವ ರೂಢಿ ಇರುವುದರಿಂದ ಅದು ಸಣ್ಣ ಹಕ್ಕಿಗಳಿಗೆ ಒಗ್ಗುವ ಆಹಾರವಲ್ಲ. ಹೊಟ್ಟೆ ತುಂಬಿಸಿದರೂ ಸತ್ವ ಕಡಿಮೆ. ಮಿಕ್ಕಿದ ಒಗ್ಗರಣೆ ಮಂಡಕ್ಕಿಯನ್ನಂತೂ ಹಾಕಲೇಬಾರದು. ಹಾಕಲೇಬೇಕೆಂದಿದ್ದರೆ ಒಂದು ಹಿಡಿ ನವಣೆ ಅಥವಾ ಸಜ್ಜೆ ಸಾಕು. ಗುಬ್ಬಚ್ಚಿ, ರಾಟವಾಳಗಳಿಗೆ ಅದು ಹಿಡಿಸುತ್ತದೆ.

ಆದರೆ ಈ ತಿಂಗಳುಗಳಲ್ಲಿ ಕಾಳು ಹಾಕುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವೇ ಹಕ್ಕಿಗಳ ಬರಗಾಲವಾದ್ದರಿಂದ ಅಲ್ಲಿಯವರು ಕಾಳು ಹಾಕುತ್ತಾರೆ. ನಮ್ಮಲ್ಲಿ ಹಿಂಗಾರು ಮಳೆ ಮುಗಿದ ಹೊತ್ತಿಗೆ ಬಯಲಿನ ಹುಲ್ಲೆಲ್ಲ ಬೀಜ ಕಟ್ಟಿರುತ್ತದೆ, ದಾವಣಗೆರೆಯ ಸುತ್ತ ಮೆಕ್ಕೆಜೋಳ ಕಟಾವಾಗಿರುತ್ತದೆ, ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತ ಹೊಲಗಳು ತೆರೆದುಕೊಂಡಿರುತ್ತವೆ, ಹುಳುಗಳಿಗೂ ಕೊರತೆಯಿರುವುದಿಲ್ಲ. ನಮ್ಮ ಹಕ್ಕಿಗಳಿಗೆ ನಿಜವಾದ ಕಷ್ಟಕಾಲ ಚೈತ್ರ, ವೈಶಾಖಗಳು. ಆಗಲೂ ಕಾಳಿಗಿಂತ ನೀರಿಗೇ ಅವು ಹೆಚ್ಚು ಪರದಾಡುತ್ತವೆ.

ಆದ್ದರಿಂದ ನೀರನ್ನು ಮಾತ್ರ ಖಂಡಿತ ಇಡಿ. ಮಣ್ಣಿನ ಅಗಲ ಬಾಯಿಯ ತಟ್ಟೆ, ಎರಡು ಅಂಗುಲ ಮೀರದ ಆಳ, ಜಾರದಂತೆ ನಿಲ್ಲಲು ನಡುವೆ ಒಂದು ಒರಟು ಕಲ್ಲು, ಇಷ್ಟು ಸಾಕು. ಮಗಳ ಆತಂಕವೂ ನ್ಯಾಯವಾದದ್ದೇ. ಸೊಳ್ಳೆಯ ಮೊಟ್ಟೆ ಮರಿಯಾಗಿ ಹಾರಲು ಸುಮಾರು ಒಂದು ವಾರ ಬೇಕು. ದಿನವೂ ಬೆಳಿಗ್ಗೆ ನೀರನ್ನು ಗಿಡಕ್ಕೆ ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ಹೊಸ ನೀರು ತುಂಬಿದರೆ ಆ ಭಯವಿರುವುದಿಲ್ಲ.

ಪ್ರಶ್ನೆ: ಮೊನ್ನೆ ಬೆಳಿಗ್ಗೆ ನಮ್ಮ ಮಹಡಿ ಮೆಟ್ಟಿಲಿನ ಮೂಲೆಯಲ್ಲಿ ಹಸಿರು ಬೆನ್ನು, ನೀಲಿ ರೆಕ್ಕೆಪಟ್ಟಿ, ಬಾಲದ ಕೆಳಗೆ ಕಡುಗೆಂಪು, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟೆ ಇರುವ ಮೋಟುಬಾಲದ ಹಕ್ಕಿಯೊಂದು ಅಲುಗಾಡದೆ ಕುಳಿತಿತ್ತು. ಯಾರೋ ಸಾಕಿದ ವಿದೇಶಿ ಹಕ್ಕಿ ತಪ್ಪಿಸಿಕೊಂಡು ಬಂದಿದೆಯೆಂದು ಅಕ್ಕಪಕ್ಕದವರು ಹೇಳಿದರು. ಸಂಜೆ ಅದು ತಾನಾಗಿಯೇ ಹೊರಟುಹೋಯಿತು. ಮತ್ತೆ ಬಂದರೆ ಏನು ಮಾಡಬೇಕು?
— ಓದುಗರು, ಚಿತ್ರದುರ್ಗ

ಉತ್ತರ: ನೀವು ಕೊಟ್ಟ ವಿವರವೆಲ್ಲ ನವರಂಗ ಹಕ್ಕಿಗೆ ಹೊಂದುತ್ತದೆ. ಅದು ನಮ್ಮ ದೇಶದ್ದೇ ಹಕ್ಕಿ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಬರುತ್ತದೆ. ರಾತ್ರಿ ಪಯಣಿಸುವ ಹಕ್ಕಿಯಾದ್ದರಿಂದ ಊರಿನ ದೀಪಗಳಿಗೆ ದಿಕ್ಕುಗೆಟ್ಟು, ದಣಿದು, ಕಟ್ಟಡಗಳ ಮೂಲೆಗಳಲ್ಲಿ ಇಳಿಯುವುದುಂಟು. ಮತ್ತೆ ಸಿಕ್ಕರೆ ಬೆಕ್ಕು, ನಾಯಿಗಳನ್ನು ದೂರವಿಡಿ. ಬಿದ್ದಲ್ಲಿಯೇ ಅಪಾಯವಿದ್ದರೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಾಗಿರುವಂತೆ ಮುಚ್ಚಿ, ಸದ್ದಿಲ್ಲದ ಕಡೆ ಇರಿಸಿ. ಬಾಯಿಗೆ ನೀರು ಹಿಂಡಬೇಡಿ. ಅದು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯಬಹುದು. ಸಂಜೆ ಪೊದೆಗಳಿರುವ ಜಾಗದಲ್ಲಿ ಪೆಟ್ಟಿಗೆಯನ್ನು ತೆರೆದು ಹಿಂದೆ ಸರಿಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಚೆಂದವಿದೆಯೆಂದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾಗುತ್ತದೆ. ಗಿಳಿ, ರಾಟವಾಳಗಳಿಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ಹಿತ್ತಲಿನ ಹೊಂಗೆಯ ತರಗೆಲೆಯನ್ನು ದಿನವೂ ಗುಡಿಸಿ ಸುಡುತ್ತೇವೆ. ಹರಟೆಮಲ್ಲಗಳ ಗುಂಪು ಈಗೀಗ ಕಡಿಮೆಯಾಗಿದೆ. ಎರಡಕ್ಕೂ ಸಂಬಂಧವಿದೆಯೇ?
— ಓದುಗರು, ಹಿರಿಯೂರು

ಉತ್ತರ: ಇರಬಹುದು. ಹರಟೆಮಲ್ಲಗಳು ಗುಂಪಾಗಿ ಬಂದು ತರಗೆಲೆಗಳನ್ನು ಕೊಕ್ಕಿನಿಂದ ಮಗುಚುತ್ತ ಅಡಿಯಲ್ಲಿರುವ ಹುಳ, ಜೇಡ, ಜಿರಲೆಗಳನ್ನು ಹೆಕ್ಕಿ ತಿನ್ನುತ್ತವೆ. ಎಲೆಯಿಲ್ಲದ ನೆಲದಲ್ಲಿ ಅವುಗಳಿಗೆ ಕೆಲಸವಿಲ್ಲ. ಮನೆಯ ಹತ್ತಿರದ ಜಾಗವನ್ನು ಎಂದಿನಂತೆ ಗುಡಿಸಿ, ಗುಡಿಸಿದ್ದನ್ನು ಕಾಂಪೌಂಡಿನ ಬದಿಯ ಒಂದು ಮೂಲೆಗೆ ತಳ್ಳಿ ಬಿಡಿ. ಮಕ್ಕಳು ಆಡುವ ಕಡೆಯಿಂದ ಆ ಮೂಲೆ ದೂರವಿರಲಿ, ಏಕೆಂದರೆ ತರಗೆಲೆಯ ಅಡಿಯಲ್ಲಿ ಚೇಳೂ ಇರಬಹುದು. ಮುಂಗಾರಿನ ಹೊತ್ತಿಗೆ ಅಡಿಯ ಎಲೆಗಳು ಗೊಬ್ಬರವಾಗುತ್ತ ಬಂದಿರುತ್ತವೆ. ಅದನ್ನು ಕರಿಬೇವಿನ ಬುಡಕ್ಕೆ ಹಾಕಬಹುದು.