ಹುಳು ಮನೆಯ ಸದ್ದು ನಿಂತಾಗ

ಓದುಗರ ಪತ್ರ: ರೇಷ್ಮೆ ಸಾಕುವ ಕುಟುಂಬವೊಂದರ ಮೇಲೆ ಗೆಳೆಯರೆಲ್ಲ ಸೇರಿ 18 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಹುಳುಗಳಿಗೆ ಸಪ್ಪೆ ರೋಗ ಬಂದು ಬೆಳೆ ಹೋಗುವ ದೃಶ್ಯಕ್ಕೆ ಪಿಟೀಲು ನುಡಿಸಿ ಹಾಕಿದರೂ ನೋಡಿದವರಿಗೆ ತಟ್ಟುತ್ತಿಲ್ಲ. ಇನ್ನೇನು ಸೇರಿಸಬೇಕು? ಸೌಂಡ್ ಡಿಸೈನ್ ಅನ್ನುವುದು ದುಡ್ಡಿರುವವರಿಗೆ ಮಾತ್ರವೇ?
— ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಸಂಪಾದಕರ ಉತ್ತರ:

ನೀವು ಕಳಿಸಿದ ಚಿತ್ರವನ್ನು ಒಮ್ಮೆ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿದೆವು. ಸೇರಿಸುವ ಮಾತು ಆಮೇಲೆ, ಮೊದಲು ತೆಗೆಯಬೇಕಾದದ್ದಿದೆ. ಮೊದಲ ನಿಮಿಷದಿಂದಲೇ ಕೀಬೋರ್ಡ್ ನುಡಿಯುತ್ತಲೇ ಇದೆ. ಹುಳು ಸೊಪ್ಪು ತಿನ್ನುವ ಸದ್ದು ಅದರಡಿಯಲ್ಲಿ ಹೂತುಹೋಗಿದೆ.

ನಾಲ್ಕನೇ ಜ್ವರ (ಪೊರೆ ಕಳಚುವ ಮುನ್ನ ಮೇವು ಬಿಟ್ಟು ಕೂರುವ ಹೊತ್ತು) ಎದ್ದ ಹುಳು ಏಳೆಂಟು ದಿನ ಎಡೆಬಿಡದೆ ತಿನ್ನುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ದಿನಗಳಲ್ಲೇ ಖರ್ಚಾಗುವುದು ನಿಮಗೆ ಗೊತ್ತೇ ಇದೆ. ಆಗ ಹುಳು ಮನೆ ಬಾಗಿಲಲ್ಲಿ ನಿಂತರೆ ಸೋನೆ ಹಿಡಿದಂತೆ ಕೇಳುತ್ತದೆ. ಹುಳು ಜ್ವರಕ್ಕೆ ಕೂತಾಗ ಆ ಸದ್ದಿಲ್ಲ, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆ ಹತ್ತಿದಾಗಲೂ ಇಲ್ಲ. ರೋಗ ತಗುಲಿ ಮೇವು ಬಿಟ್ಟಾಗಲೂ ಇಲ್ಲ. ಸಾಕುವವರ ಕಿವಿ ಈ ಮೌನಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ನಿಮ್ಮ ಕಥೆಯ ಜೀವ ಇಲ್ಲೇ ಇದೆ.

ಹುಳುವನ್ನೇ ಕಾಣದ ಪ್ರೇಕ್ಷಕರಿಗೆ ಮಾತ್ರ ಇದನ್ನು ಮೊದಲು ಕಲಿಸಿಕೊಡಬೇಕು. ಪರಿಚಯವಿಲ್ಲದ ಸದ್ದು ನಿಂತರೆ ಯಾರಿಗೂ ತಿಳಿಯುವುದಿಲ್ಲ. ತಾಯಿ ಸೊಪ್ಪು ಹಾಕುವ ಶಾಟನ್ನು 4 ಸೆಕೆಂಡಿಗೇ ಕತ್ತರಿಸಿದ್ದೀರಿ. 15 ಸೆಕೆಂಡ್ ಬಿಡಿ. ಆಕೆಯ ಬಳೆ ಸದ್ದು ಸರಿದ ಮೇಲೆ ಹುಳುವಿನ ಸದ್ದು ಮೆಲ್ಲನೆ ಏರಲಿ. ಇನ್ನೊಂದು ಸಲ, ಅಪ್ಪ ರಾತ್ರಿ ಲೆಕ್ಕದ ಪುಸ್ತಕ ನೋಡುವಾಗ ಗೋಡೆಯಾಚೆಯಿಂದ ಕೇಳಿಸಲಿ. ಅದಕ್ಕೆ 2 ಕಿಲೋಹರ್ಟ್ಸ್‌ಗಿಂತ ಮೇಲಿನ ಭಾಗವನ್ನು ಈಕ್ವಲೈಸರ್‌ನಲ್ಲಿ ತಗ್ಗಿಸಿ. ಪೂರ್ತಿ ಕತ್ತರಿಸಬೇಡಿ, ಆ ಸದ್ದಿನ ಬಹುಪಾಲು ಇರುವುದೇ ಅಲ್ಲಿ. ಮೂರನೇ ಸಲ ಅಪ್ಪ ನಿದ್ದೆಯಿಂದ ಎದ್ದು ಕೂರುವುದು, ಅದು ಕೇಳಿಸದೆ ಇರುವುದಕ್ಕೆ. ಅಲ್ಲಿ ಪಿಟೀಲು ಬೇಡವೇ ಬೇಡ. ಅಪ್ಪನಿಗೆ ಅರ್ಥವಾಗುವ ಮೊದಲೇ ಪಿಟೀಲು ವಿಷಯ ಹೇಳಿಬಿಡುತ್ತಿದೆ.

ಮೌನವೆಂದು ಟ್ರ್ಯಾಕನ್ನು ಖಾಲಿ ಬಿಡಬೇಡಿ. ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದೇ ಕೋಣೆಯಲ್ಲಿ ಎಲ್ಲರೂ ಅಲುಗಾಡದೆ ನಿಂತು ಒಂದು ನಿಮಿಷ ರೂಮ್ ಟೋನ್, ಅಂದರೆ ಕೋಣೆಯ ಸಹಜ ಸದ್ದು, ಹಿಡಿದಿಟ್ಟುಕೊಂಡಿದ್ದರೆ ಹುಳುವಿನ ಸದ್ದು ಹೋದ ಜಾಗದಲ್ಲಿ ಅದು ಉಳಿಯುತ್ತದೆ. ದೂರದ ನಾಯಿಯೋ ಹಲ್ಲಿಯೋ ಇದ್ದರೆ ಇನ್ನೂ ಒಳ್ಳೆಯದು. ಹುಳುವಿನ ಸದ್ದನ್ನು ಶಾಟ್ ಬದಲಾಗುವ ಕಡೆ ಕತ್ತರಿಸದೆ, ಶಾಟಿನ ನಡುವೆ ಆರೇಳು ಸೆಕೆಂಡಿನಲ್ಲಿ ಇಳಿಸಿ.

ರೆಕಾರ್ಡಿಂಗಿಗೆ ಸ್ಟುಡಿಯೋ ಬೇಕಿಲ್ಲ, ಎರಡು ರಾತ್ರಿ ಬೇಕು. ರಸ್ತೆ ಸದ್ದು ಅಡಗಿದ ಮೇಲೆ, ಸುಮಾರು 2ರಿಂದ 4 ಗಂಟೆಯೊಳಗೆ, ಫ್ಯಾನು, ಫ್ರಿಜ್ಜು, ಯುಪಿಎಸ್ ಆರಿಸಿ. ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಕೂರುತ್ತದೆ. ಗಾಡಿ ಕೀಲಿಯನ್ನು ಫ್ರಿಜ್ಜಿನೊಳಗಿಟ್ಟರೆ ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ಮೈಕ್ ಸೊಪ್ಪಿನಿಂದ 10–15 ಸೆಂಟಿಮೀಟರ್ ದೂರದಲ್ಲಿರಲಿ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಫೋನಿನಲ್ಲೇ ಹಿಡಿಯುವುದಾದರೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಕೈಯಲ್ಲಿ ಹೊಂದಿಸುವ ಆ್ಯಪ್ ಬಳಸಿ. ಮಾಮೂಲಿ ರೆಕಾರ್ಡರ್ ಮೌನ ಬಂದ ಕೂಡಲೇ ತಾನಾಗಿ ಗೇನ್ ಏರಿಸಿ ಸುಸ್ ಎನ್ನುವ ಗಲಾಟೆ ತರುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಸದ್ದು ತೆಳುವೆನಿಸಿದರೆ ಬೇರೆ ಬೇರೆ ಸಮಯದ ಎರಡು ಟೇಕ್‌ಗಳನ್ನು ಒಂದರ ಮೇಲೊಂದು ಹಾಕಿ. ಇಂಟರ್ನೆಟ್ಟಿನ ಮಳೆ ಸದ್ದು ಬೇಡ, ಹೊರಗೆ ಮಳೆ ಬರುತ್ತಿದೆ ಎಂದೇ ಜನ ತಿಳಿಯುತ್ತಾರೆ. ಮೈಕಿನವರೂ ಕೈಕಾಲು ತೊಳೆದೇ ಹುಳು ಮನೆಗೆ ಹೋಗಲಿ, ಊದಿನಕಡ್ಡಿ, ಸೊಳ್ಳೆಬತ್ತಿ ಹತ್ತಿರ ಬೇಡ.

ಇನ್ನು ಅಪ್ಪನ ಪಾತ್ರ. ಆತ ಮಾತು ಕಡಿಮೆ ಆಡುವವನು, ಹಾಗಾಗಿ ಆತನ ಹವಾಯಿ ಚಪ್ಪಲಿಯೇ ಮಾತಾಡಬೇಕು. ಈಗ ಹೆಜ್ಜೆ ಸದ್ದೇ ಇಲ್ಲ. ಅದೇ ಚಪ್ಪಲಿ, ಅದೇ ಸಿಮೆಂಟ್ ನೆಲ, ಚಿತ್ರ ನೋಡುತ್ತಾ ಹೆಜ್ಜೆಗೆ ಹೆಜ್ಜೆ ಹೊಂದಿಸಿ ರೆಕಾರ್ಡ್ ಮಾಡಿ. ಜ್ಯಾಕ್ ಫೋಲಿ ಅವರ ಹೆಸರಿನಿಂದ ಫೋಲಿ ಎನ್ನುವುದು ಇದನ್ನೇ. ಆರಂಭದಲ್ಲಿ ಚಪ್ಪಲಿ ಹಿಮ್ಮಡಿಗೆ ಪಟಪಟ ಬಡಿಯಲಿ, ಬೆಳೆ ಹೋದ ಮೇಲೆ ನೆಲಕ್ಕೆ ಉಜ್ಜಿಕೊಂಡು ಬರಲಿ. ಊರವರೆಲ್ಲರ ಹೆಜ್ಜೆಗೂ ಸದ್ದು ಹಾಕಿದರೆ ಆತನದು ಕಳೆದುಹೋಗುತ್ತದೆ.

ತಾಯಿಯ ಮಾತು ಕರಕರ ಎನ್ನುತ್ತಿರುವುದಕ್ಕೆ ಕಾರಣ ಸಿಂಥೆಟಿಕ್ ಸೀರೆಗೆ ಉಜ್ಜುವ ಕಾಲರ್ ಮೈಕ್. ಹತ್ತಿ ಸೀರೆ ಉಡಿಸಿ, ಅಥವಾ ಕೋಲಿಗೆ ಕಟ್ಟಿದ ಬೂಮ್ ಮೈಕನ್ನು ಫ್ರೇಮಿನಾಚೆ, ತಲೆಗಿಂತ ಒಂದೂವರೆ ಅಡಿ ಮೇಲೆ ಹಿಡಿಯಿರಿ. ಮಾತಿರುವಲ್ಲಿ ಹುಳುವಿನ ಸದ್ದಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿದರೆ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತವೆ. ಮಾತಿನ ಸದ್ದು ಅತಿ ಜೋರಾದಾಗ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ.

ಗೂಡಿನ ಮಾರುಕಟ್ಟೆ ದೃಶ್ಯದಲ್ಲಿ ಎಲ್ಲರೂ ಪುಸ್ತಕದ ಕನ್ನಡ ಮಾತಾಡಿದ್ದಾರೆ. ಹಿನ್ನೆಲೆಗೆ ಮಾರುಕಟ್ಟೆಯಲ್ಲೇ ಮೂರು ನಿಮಿಷ ರೆಕಾರ್ಡ್ ಮಾಡಿ ತನ್ನಿ, ತೆಲುಗು, ಉರ್ದು, ಕನ್ನಡ ಎಲ್ಲವೂ ಅದರೊಳಗಿರಲಿ. ಮಿಕ್ಸ್ ಮುಗಿದ ಮೇಲೆ ಹೆಡ್‌ಫೋನಿನಲ್ಲಷ್ಟೇ ಅಲ್ಲ, ಫೋನಿನ ಸ್ಪೀಕರಿನಲ್ಲೂ ಕೇಳಿ. ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಯಂತ್ರದ ತಗ್ಗಿನ ಸದ್ದು ಅಲ್ಲಿ ಬರುವುದೇ ಇಲ್ಲ. ಅದರ ಕಿರುಗುಟ್ಟುವ ಮೇಲಿನ ಸದ್ದನ್ನು ತುಸು ಎತ್ತಬೇಕಾಗುತ್ತದೆ.