ಒಳ್ಳೇ ದಿನ ಸಿಗದಿದ್ದರೆ ಏನು ಮಾಡುತ್ತಿದ್ದರು?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ಪ್ರಾಚೀನ ಚೀನಾದ ರಾಜರು ಎಲುಬು ಕಾಯಿಸಿ ಶಕುನ ನೋಡುತ್ತಿದ್ದರಂತೆ. ಸಾಮಾನ್ಯ ಜನರ ಕಥೆಯೇನು? ಅವರಿಗೂ ನಮ್ಮ ಪಂಚಾಂಗದಂಥದ್ದು ಇತ್ತೇ? ದಿನ ಸರಿಯಿಲ್ಲ ಅಂತ ಕೆಲಸ ನಿಲ್ಲಿಸುತ್ತಿದ್ದರೇ?"

ಪಂಚಾಂಗದಂಥದ್ದು ಇತ್ತು. 1975ರಲ್ಲಿ ಹೂಬೇ ಪ್ರಾಂತ್ಯದ ಶುಯ್‌ಹೂದಿಯಲ್ಲಿ ಒಂದು ಗೋರಿ ಅಗೆದಾಗ, ಬರಹವಿದ್ದ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ಸಿಕ್ಕವು. ಗೋರಿಯಲ್ಲಿದ್ದವನು ಶೀ ಎಂಬ ಸಣ್ಣ ಅಧಿಕಾರಿ. ಕ್ರಿ.ಪೂ. 217ರ ಹೊತ್ತಿಗೆ ತೀರಿಕೊಂಡವನು. ಅಪರಾಧದ ವಿಚಾರಣೆ ಅವನ ಕೆಲಸಗಳಲ್ಲೊಂದು. ಹಾಗಾಗಿ ಪಟ್ಟಿಗಳಲ್ಲಿ ಕಾನೂನು ಜಾಸ್ತಿ. ಅದರ ಜೊತೆಗೇ ದಿನ ನೋಡುವ ಪುಸ್ತಕ ಎರಡು!

ಬಟ್ಟೆ ಹೊಲಿಸಲು, ಮನೆ ಕಟ್ಟಲು, ಹೆಣ್ಣು ತರಲು, ಎಲ್ಲಕ್ಕೂ ಅದರಲ್ಲಿ ದಿನ ಇದೆ. ನನಗೆ ತುಂಬಾ ಹಿಡಿಸಿದ್ದು ಕಳ್ಳನ ಅಧ್ಯಾಯ. 12 ದಿನಗಳಿಗೆ ಒಂದೊಂದು ಪ್ರಾಣಿ. ಇಲಿಯ ದಿನ ಕಳವಾದರೆ ಕಳ್ಳನಿಗೆ ಚೂಪು ಬಾಯಿ, ವಿರಳ ಗಡ್ಡ, ಕಪ್ಪು ಕೈ, ಮುಖದಲ್ಲಿ ಮಚ್ಚೆ. ಅಡಗುವುದು ಗೋಡೆಯ ಒಳಗಡೆ, ಕಸದ ಅಡಿಯಲ್ಲಿ. ಇಲಿಯನ್ನೇ ಮುಂದಿಟ್ಟುಕೊಂಡು ಬರೆದ ಹಾಗಿದೆ, ಅಲ್ವಾ? ಅದೇ ಗೋರಿಯ ಇನ್ನೊಂದು ಬರಹ, ಹೊಡೆಯದೆ ಬಡಿಯದೆ ನಿಜ ಹೊರಡಿಸುವುದೇ ಉತ್ತಮ ವಿಚಾರಣೆ ಅನ್ನುತ್ತದೆ. ಎರಡನ್ನೂ ಇಟ್ಟುಕೊಂಡಿದ್ದವನು ಒಬ್ಬನೇ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸರ್ಕಾರಿ ಕೆಲಸದ ಮೇಲೆ ಹೊರಟವನಿಗೆ ದಿನ ಆರಿಸುವ ಸ್ವಾತಂತ್ರ್ಯ ಎಲ್ಲಿಯದು? ಅದಕ್ಕೂ ದಾರಿ ಇತ್ತು. 1986ರಲ್ಲಿ ಗಾನ್ಸು ಪ್ರಾಂತ್ಯದ ಫಾಂಗ್‌ಮಾತಾನ್‌ನಲ್ಲಿ ಸಿಕ್ಕ ಇಂಥದೇ ಪುಸ್ತಕ, ದಿನ ಆರಿಸಲು ಆಗದವನಿಗೆ ಉಪಾಯ ಹೇಳುತ್ತದೆ. ಊರಬಾಗಿಲು ದಾಟಿ, ಪ್ರವಾಹ ತಡೆದ ಪುರಾಣಪುರುಷ ಯೂನ ನಡಿಗೆಯಲ್ಲಿ ಮೂರು ಹೆಜ್ಜೆ ಇಡಬೇಕು. ಸಪ್ತರ್ಷಿ ಮಂಡಲದ ಕಡೆ ತಿರುಗಿ ನೆಲದ ಮೇಲೆ ಗೆರೆ ಎಳೆದು, ಪ್ರಯಾಣ ಸುಖವಾಗಲಿ ಎಂಬ ಮಂತ್ರ ಹೇಳಬೇಕು. ಶೀಯ ಪುಸ್ತಕದ ಪ್ರಕಾರ, ಗೆರೆಗಳ ನಡುವಿನ ಮಣ್ಣನ್ನು ಎದೆಯ ಬಟ್ಟೆಯೊಳಗೆ ಇಟ್ಟುಕೊಳ್ಳಬೇಕು. ಆಮೇಲೆ ಹೊರಡಬಹುದು. ನನ್ನ ಲೆಕ್ಕದಲ್ಲಿ ಈ ಪುಸ್ತಕಗಳು ಇಷ್ಟು ಕಾಲ ಬಾಳಿದ್ದಕ್ಕೆ ಇಂಥ ಕಳ್ಳದಾರಿಗಳೇ ಕಾರಣ.

ಎಲ್ಲರೂ ಸುಮ್ನೆ ನಂಬಿರಲಿಲ್ಲ. ಕ್ರಿ.ಶ. 1ನೇ ಶತಮಾನದ ವಾಂಗ್ ಚೋಂಗ್ ಎಂಬ ತಕರಾರಿನ ಪಂಡಿತ, ತಲೆಸ್ನಾನದ ಪುಸ್ತಕವನ್ನೇ ಹಿಡಿದು ಜಾಡಿಸಿದ. ಇಲಿಯ ದಿನ ತಲೆಗೆ ಸ್ನಾನ ಮಾಡಿದರೆ ಜನ ಪ್ರೀತಿಸುತ್ತಾರೆ, ಮೊಲದ ದಿನ ಮಾಡಿದರೆ ಕೂದಲು ನೆರೆಯುತ್ತದೆ ಅಂತ ಅದರಲ್ಲಿತ್ತು. ಹಾಗಾದರೆ 15ರ ಹುಡುಗಿ ಮೊಲದ ದಿನ ಸ್ನಾನ ಮಾಡಿದರೆ ಕೂದಲು ಬೆಳ್ಳಗಾಗುತ್ತದೆಯೇ ಎಂದು ಕೇಳಿದ. ಕೇಳಿದ್ದೇನೋ ಸರಿ. ಆದರೆ ಶೀಯ ಪುಸ್ತಕದ 12 ದಿನಗಳ ಫಲದ ಪಟ್ಟಿ ಇವತ್ತಿಗೂ ಚೀನೀ ಪಂಚಾಂಗಗಳಲ್ಲಿ ಅಚ್ಚಾಗುತ್ತಲೇ ಇದೆ.

— ಸಂ.